ಮುಟ್ಟು ತರಿಸಿದರೆ ಚಿಕಿತ್ಸೆ ಮುಗಿಯಿತೇ?



ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ತೆರೆದ ಸಭೆಯಲ್ಲಿ ಮಾತು ನಡೆಯಬೇಕು ಎಂಬುದು ಈ ಉಪನ್ಯಾಸದ ದತ್ತಿಯನ್ನು ಇಟ್ಟ ಕುಟುಂಬದವರ ಆಸೆಯಾಗಿತ್ತು. ಅವರ ಆಸೆಗೆ ತಕ್ಕ ವಿಷಯವನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಾಗಲಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಈ ಕರಾವಳಿಯಲ್ಲಿ ಆಯುರ್ವೇದ ವೈದ್ಯೆಯಾಗಿ ಕೂತವಳ ಮುಂದೆ ಇಂದು ಅತಿ ಹೆಚ್ಚು ಬರುವ ದೂರು ಮುಟ್ಟಿನ ಏರುಪೇರು. ಅದರ ಜೊತೆಗೇ ಬರುವ ಮಾತು ‘ಪಿಸಿಓಡಿ’ (ಪಾಲಿಸಿಸ್ಟಿಕ್ ಓವರಿ ಡಿಸೀಸ್). ಕಾಲೇಜು ಹುಡುಗಿಯೂ ಹೇಳುತ್ತಾಳೆ, ಮದುವೆಯಾಗಿ ಮೂರು ವರ್ಷವಾದವಳೂ ಹೇಳುತ್ತಾಳೆ, ದುಬೈಯಲ್ಲಿರುವ ಮಗಳ ಪರವಾಗಿ ಭಟ್ಕಳದ ತಾಯಿಯೂ ಹೇಳುತ್ತಾಳೆ. ಎಲ್ಲರ ಬೇಡಿಕೆ ಒಂದೇ: ‘ಒಂದ್ಸಲ ಮುಟ್ಟು ಆಗೂ ಹಾಗೆ ಮಾಡಿ ಡಾಕ್ಟ್ರೇ, ಸಾಕು.’

ಅದು ಸಾಲದು ಎಂದು ಹೇಳುವುದಕ್ಕೇ ಇಂದು ಇಲ್ಲಿ ನಿಂತಿದ್ದೇನೆ. ಮುಟ್ಟು ನಿಂತದ್ದು ಇಡೀ ದೇಹದಲ್ಲಿ ನಡೆದಿರುವ ಒಂದು ಕೆಡುಕಿನ ಲಕ್ಷಣ. ಆಯುರ್ವೇದದ ಶಕ್ತಿ ಇರುವುದು ಆ ಕೆಡುಕನ್ನು ಓದುವುದರಲ್ಲಿ. ರಕ್ತ ಕಾಣಿಸುವ ಗುಳಿಗೆಗೆ ಆಯುರ್ವೇದವನ್ನು ಇಳಿಸಿದರೆ ನಾವು ರೋಗಿಗೂ ಅನ್ಯಾಯ ಮಾಡುತ್ತೇವೆ, ಶಾಸ್ತ್ರಕ್ಕೂ ಅನ್ಯಾಯ ಮಾಡುತ್ತೇವೆ.

1. ಕಾಯಿಲೆಯ ಸ್ವರೂಪ

ಪಿಸಿಓಡಿಯನ್ನು ಆಧುನಿಕ ವೈದ್ಯಶಾಸ್ತ್ರ ಸ್ಪಷ್ಟವಾಗಿ ಗುರುತಿಸಿದ್ದು 1935ರಲ್ಲಿ. ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಮುಟ್ಟು ನಿಂತ, ಅಂಡಾಶಯ ದಪ್ಪವಾದ ಏಳು ಮಂದಿ ಹೆಂಗಸರ ವಿವರವನ್ನು ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ 10ರಿಂದ 13 ಮಂದಿಗೆ ಈ ತೊಂದರೆ ಇದೆ. ಅವರಲ್ಲಿ 70 ಪ್ರತಿಶತದವರೆಗಿನ ಮಂದಿಗೆ ತಮಗೆ ಅದು ಇದೆ ಎಂಬುದೇ ತಿಳಿದಿಲ್ಲ. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ಆಂಧ್ರಪ್ರದೇಶದ ಒಂದು ವಸತಿ ಕಾಲೇಜಿನಲ್ಲಿ 15ರಿಂದ 18 ವರ್ಷದ 460 ಹುಡುಗಿಯರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಲೆಕ್ಕ 9.13 ಪ್ರತಿಶತ. ಒಂದು ತರಗತಿಯಲ್ಲಿ ಐವತ್ತು ಹುಡುಗಿಯರಿದ್ದರೆ ನಾಲ್ಕೈದು ಮಂದಿ ಎಂದಾಯಿತು.

ಒಳಗೆ ನಡೆಯುವುದು ಇಷ್ಟು. ಪ್ರತಿ ತಿಂಗಳೂ ಅಂಡಾಶಯದಲ್ಲಿ ಹಲವು ಕೋಶಿಕೆಗಳು ಬೆಳೆಯತೊಡಗುತ್ತವೆ. ಅವುಗಳಲ್ಲಿ ಒಂದು ಪಕ್ವವಾಗಿ ಒಡೆದು ಅಂಡ ಹೊರಬರುತ್ತದೆ. ದೇಹ ಇನ್ಸುಲಿನ್ನಿನ ಮಾತು ಕೇಳದೆ ಹೋದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಅದರ ಒತ್ತಡದಲ್ಲಿ ಅಂಡಾಶಯ ಗಂಡು ಹಾರ್ಮೋನನ್ನು ಬೇಕಾದ್ದಕ್ಕಿಂತ ಹೆಚ್ಚು ತಯಾರಿಸುತ್ತದೆ. ಕೋಶಿಕೆಗಳು ಅರ್ಧ ಬೆಳೆದು ನಿಂತುಬಿಡುತ್ತವೆ. ಸ್ಕ್ಯಾನಿಂಗ್ ವರದಿಯಲ್ಲಿ ಕಾಣುವ, ಮನೆಮಂದಿ ‘ನೀರುಗುಳ್ಳೆ’ ಎಂದು ಹೆದರುವ ಚುಕ್ಕೆಗಳು ಇವೇ. ಅವು ಗಡ್ಡೆಗಳೂ ಅಲ್ಲ, ಕತ್ತರಿಸಿ ತೆಗೆಯಬೇಕಾದವೂ ಅಲ್ಲ.

ರೋಗನಿರ್ಣಯಕ್ಕೆ 2003ರಲ್ಲಿ ರಾಟರ್‌ಡ್ಯಾಮಿನಲ್ಲಿ ಒಪ್ಪಿದ ಮೂರು ಮಾನದಂಡಗಳಿವೆ: ಅಂಡ ಸರಿಯಾಗಿ ಬಿಡುಗಡೆಯಾಗದಿರುವುದು, ಗಂಡು ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿಂಗಿನಲ್ಲಿ ಹಲವು ಕೋಶಿಕೆಗಳು. ಬೇರೆ ಕಾರಣಗಳಿಲ್ಲವೆಂದು ಖಚಿತ ಮಾಡಿಕೊಂಡ ಮೇಲೆ, ಇವುಗಳಲ್ಲಿ ಎರಡಾದರೂ ಇರಬೇಕು. ಹದಿಹರೆಯದವರಿಗೆ ನಿಯಮ ಇನ್ನೂ ಬಿಗಿ. ಮೈನೆರೆದು ಎಂಟು ವರ್ಷ ಆಗುವವರೆಗೆ ಸ್ಕ್ಯಾನಿಂಗ್ ನೋಡಿ ಈ ಕಾಯಿಲೆಯನ್ನು ಹೇಳಬಾರದೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆ ವಯಸ್ಸಿನಲ್ಲಿ ಕೋಶಿಕೆಗಳು ಹೆಚ್ಚಿರುವುದು ಸಹಜ. ಮೈನೆರೆದ ಮೊದಲ ವರ್ಷ ಮುಟ್ಟು ಹಿಂದೆ ಮುಂದೆ ಆಗುವುದೂ ಸಹಜ. ಒಂದರಿಂದ ಮೂರು ವರ್ಷದೊಳಗೆ 21 ದಿನಕ್ಕಿಂತ ಬೇಗ ಅಥವಾ 45 ದಿನಕ್ಕಿಂತ ತಡವಾದರೆ, ಮೂರು ವರ್ಷ ಕಳೆದ ಮೇಲೆ 35 ದಿನ ದಾಟಿದರೆ ಅಥವಾ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಸಲ ಆದರೆ ಆಗ ವಿಚಾರಿಸಬೇಕು. ಹದಿನಾಲ್ಕು ವರ್ಷದ ಹುಡುಗಿಯ ಕೈಗೆ ಸ್ಕ್ಯಾನಿಂಗ್ ವರದಿ ಕೊಟ್ಟು ‘ನಿನಗೆ ಪಿಸಿಓಡಿ’ ಎಂದು ಹಣೆಪಟ್ಟಿ ಹಚ್ಚುವುದನ್ನು ನಾವೆಲ್ಲ ನಿಲ್ಲಿಸಬೇಕು.

2. ನಮ್ಮ ಗ್ರಂಥಗಳು ಏನು ಹೇಳುತ್ತವೆ

ಪಿಸಿಓಡಿಗೆ ಸರಿಸಮವಾದ ಒಂದೇ ಹೆಸರು ಆಯುರ್ವೇದದಲ್ಲಿಲ್ಲ. ಇದೆಯೆಂದು ಎಳೆದು ತರುವುದೂ ಬೇಡ. ಆದರೆ ಇದರ ಬೇರೆಬೇರೆ ಮುಖಗಳನ್ನು ನಮ್ಮ ಆಚಾರ್ಯರು ಕಂಡಿದ್ದರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಆರ್ತವಕ್ಷಯದ, ಎಂದರೆ ಮುಟ್ಟು ಕುಗ್ಗುವುದರ, ಲಕ್ಷಣಗಳಿವೆ: ಸಮಯಕ್ಕೆ ಮುಟ್ಟು ಕಾಣದಿರುವುದು, ಕಂಡರೂ ಅಲ್ಪವಾಗಿರುವುದು, ನೋವು. ಶಾರೀರಸ್ಥಾನದ ಎರಡನೇ ಅಧ್ಯಾಯ, ದೋಷಗಳು ದಾರಿಯನ್ನು ಮುಚ್ಚಿದ್ದರಿಂದ ಆರ್ತವ ನಷ್ಟವಾಗುತ್ತದೆ ಎನ್ನುತ್ತದೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಮೂವತ್ತನೇ ಅಧ್ಯಾಯ ಇಪ್ಪತ್ತು ಯೋನಿವ್ಯಾಪತ್ತುಗಳನ್ನು, ಎಂದರೆ ಹೆಂಗಸರ ಜನನಾಂಗದ ತೊಂದರೆಗಳನ್ನು, ವಿವರಿಸುತ್ತದೆ. ಮುಟ್ಟೇ ಆಗದ ಸ್ಥಿತಿಯೂ ಅವುಗಳಲ್ಲಿ ಸೇರಿದೆ.

ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಕಾಶ್ಯಪ ಸಂಹಿತೆ. ನೇಪಾಳದಲ್ಲಿ ಸಿಕ್ಕ ಹಸ್ತಪ್ರತಿಯ ಆಧಾರದಲ್ಲಿ 1938ರಲ್ಲಿ ಇದು ಅಚ್ಚಾಯಿತು. ಅದರ ರೇವತೀಕಲ್ಪದಲ್ಲಿ ‘ಪುಷ್ಪಘ್ನೀ’ ಎಂಬ ವರ್ಣನೆ ಬರುತ್ತದೆ. ಸಮಯಕ್ಕೆ ಮುಟ್ಟಾದರೂ ಅದು ಫಲ ಕೊಡದ, ಕೆನ್ನೆ ದಪ್ಪವಾಗಿ ಅಲ್ಲಿ ಕೂದಲು ಬೆಳೆದ ಹೆಂಗಸಿನ ಚಿತ್ರ ಅದು. ರಕ್ತ ಕಂಡಿತು ಎಂದ ಮಾತ್ರಕ್ಕೆ ಅಂಡ ಬಿಡುಗಡೆಯಾಗಿದೆ ಎನ್ನಲಾಗದು ಎಂಬ ಇಂದಿನ ತಿಳಿವಳಿಕೆಗೆ ಈ ವರ್ಣನೆ ಬಹಳ ಹತ್ತಿರ ಬರುತ್ತದೆ.

ಚಿಕಿತ್ಸೆಗೆ ನಿಜವಾದ ಬೀಗದ ಕೈ ಇರುವುದು ಮಾತ್ರ ಚರಕದ ಸೂತ್ರಸ್ಥಾನದ ಇಪ್ಪತ್ತಮೂರನೇ ಅಧ್ಯಾಯದಲ್ಲಿ. ಅಲ್ಲಿ ಸಂತರ್ಪಣದಿಂದ, ಎಂದರೆ ಅತಿಯಾದ ಪೋಷಣೆ ಮತ್ತು ಕಡಿಮೆ ಶ್ರಮದಿಂದ ಹುಟ್ಟುವ ರೋಗಗಳ ಪಟ್ಟಿಯಿದೆ. ಪ್ರಮೇಹವೂ (ಸಕ್ಕರೆ ಕಾಯಿಲೆ ಸೇರಿದ ಮೂತ್ರರೋಗಗಳು) ಸ್ಥೌಲ್ಯವೂ (ಬೊಜ್ಜು) ಅದೇ ಪಟ್ಟಿಯಲ್ಲಿವೆ. ಇನ್ಸುಲಿನ್ ಪ್ರತಿರೋಧವಿರುವ ಹುಡುಗಿಯನ್ನು ಆಯುರ್ವೇದದ ಕಣ್ಣಿನಿಂದ ನೋಡಿದರೆ ಅಗ್ನಿ (ಜೀರ್ಣಶಕ್ತಿ) ಮಂದವಾಗಿದೆ, ಕಫ ಮತ್ತು ಮೇದಸ್ಸು (ಕೊಬ್ಬು) ಬೆಳೆದಿವೆ, ಅವು ದಾರಿಯನ್ನು ಮುಚ್ಚಿವೆ, ಕೆಳಮುಖವಾಗಿ ಹರಿಯಬೇಕಾದ ಅಪಾನವಾಯು ತಡೆದು ನಿಂತಿದೆ. ಇದನ್ನು ಒಪ್ಪಿದರೆ ಚಿಕಿತ್ಸೆ ಗರ್ಭಾಶಯದಿಂದ ಆರಂಭವಾಗುವುದಿಲ್ಲ. ಜಠರದಿಂದ ಆರಂಭವಾಗುತ್ತದೆ.

3. ಚಿಕಿತ್ಸೆಯ ಕೋಣೆಯಲ್ಲಿ

ಕುಮಟಾ ಕಡೆಯ ಒಬ್ಬ ತಾಯಿ ಮಗಳನ್ನು ಕರೆತಂದಿದ್ದಳು. ಹುಡುಗಿ ಪದವಿ ಓದುತ್ತಿದ್ದಳು. ಮಾತೆಲ್ಲ ತಾಯಿಯದೇ.

‘ನಾಲ್ಕು ತಿಂಗ್ಳಾಯ್ತು ಡಾಕ್ಟ್ರೇ, ಆಗ್ಲೇ ಇಲ್ಲ. ಮುಖದ ಮೇಲೆ ಮೊಡವೆ. ಕುತ್ತಿಗೆ ಹಿಂದೆ ನೋಡಿ, ಎಷ್ಟು ಕಪ್ಪು. ಕಡಲೆಹಿಟ್ಟು ಹಾಕಿ ತಿಕ್ಕಿದ್ರೂ ಹೋಗೂದಿಲ್ಲ.’

ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಆ ಕಪ್ಪು ಪಟ್ಟೆ ಕೊಳೆಯಲ್ಲ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ಮಖಮಲ್ಲಿನಂತೆ ದಪ್ಪವಾದರೆ ದೇಹದಲ್ಲಿ ಇನ್ಸುಲಿನ್ ಹೆಚ್ಚಿರುವ ಸೂಚನೆ ಅದು. ತಿಕ್ಕಿ ತಿಕ್ಕಿ ಆ ಹುಡುಗಿಯ ಚರ್ಮ ಕೆಂಪಾಗಿ ಸುಲಿದಿತ್ತು. ‘ಅಮ್ಮಾ, ಇದು ಸೋಪಿನಿಂದ ಹೋಗುವುದಲ್ಲ, ಊಟ ಮತ್ತು ನಡಿಗೆಯಿಂದ ಹೋಗುವುದು. ಇನ್ನು ತಿಕ್ಕಬೇಡಿ’ ಎಂದೆ. ಆಮೇಲೆ ತಾಯಿಯನ್ನು ಸ್ವಲ್ಪ ಹೊರಗೆ ಕೂರಿಸಿ ಮಗಳ ಹತ್ತಿರ ಮಾತಾಡಿದೆ. ನಿದ್ದೆ ಹೇಗೆ, ಮನಸ್ಸು ಹೇಗೆ, ಬೆಳಿಗ್ಗೆ ತಿಂಡಿ ತಿನ್ನುತ್ತೀಯಾ, ಮಲ ಸರಿಯಾಗಿ ಹೋಗುತ್ತದೆಯೇ, ತಲೆನೋವಿದೆಯೇ, ಎದೆಯಿಂದ ಹಾಲಿನಂಥ ದ್ರವ ಬರುತ್ತದೆಯೇ. ಮೊದಲ ಭೇಟಿಯ ಅರ್ಧ ಸಮಯ ಈ ಪ್ರಶ್ನೆಗಳಿಗೇ ಬೇಕು.

ಮದ್ದಿಗೆ ಮೊದಲು ಪರೀಕ್ಷೆ. ಗರ್ಭಿಣಿಯಾಗುವ ಸಂಭವವಿದ್ದರೆ ಮೊತ್ತಮೊದಲು ಗರ್ಭಪರೀಕ್ಷೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ರಕ್ತದೊತ್ತಡ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿನ ಮೇಲೆ ನೋಡುವ ಸಕ್ಕರೆ ಪರೀಕ್ಷೆ. ಥೈರಾಯ್ಡ್ ಕಡಿಮೆಯಾಗಿ ಮುಟ್ಟು ನಿಂತವಳಿಗೆ ಪಿಸಿಓಡಿ ಕಷಾಯ ಕೊಡುತ್ತ ಕೂತರೆ ಅದು ವೈದ್ಯಕೀಯವಾಗುವುದಿಲ್ಲ.

ಆಮೇಲೆ ಚಿಕಿತ್ಸೆಯ ಕ್ರಮ. ಮೊದಲು ದೀಪನ-ಪಾಚನ, ಎಂದರೆ ಅಗ್ನಿಯನ್ನು ಹೆಚ್ಚಿಸಿ ಜೀರ್ಣವಾಗದ್ದನ್ನು ಪಚನ ಮಾಡಿಸುವುದು. ನಮ್ಮ ಗೇರುಸೊಪ್ಪೆಯ ಹೆಸರನ್ನು ಸಮುದ್ರದಾಚೆಗೆ ಒಯ್ದ ಕರಿಮೆಣಸು, ಜೊತೆಗೆ ಶುಂಠಿ ಮತ್ತು ಹಿಪ್ಪಲಿ ಸೇರಿದ ತ್ರಿಕಟು ಇಲ್ಲಿ ಕೆಲಸಕ್ಕೆ ಬರುತ್ತದೆ. ಅಗ್ನಿ ಸುಧಾರಿಸಿದ ಮೇಲೆ, ರೋಗಿಗೆ ಬಲವಿದ್ದರೆ, ಶೋಧನ, ಎಂದರೆ ದೇಹಶುದ್ಧಿ. ಕಫ ಪ್ರಧಾನವಾದಲ್ಲಿ ವಮನ (ವಾಂತಿ ಮಾಡಿಸುವುದು), ಪಿತ್ತ ಬೆರೆತಲ್ಲಿ ವಿರೇಚನ (ಭೇದಿ ಮಾಡಿಸುವುದು), ಅಪಾನವಾಯುವನ್ನು ಸರಿದಾರಿಗೆ ತರಲು ಬಸ್ತಿ (ಗುದದ್ವಾರದಿಂದ ಮದ್ದು ಕೊಡುವುದು). ಇವು ಆಸ್ಪತ್ರೆಯಲ್ಲಿ, ತರಬೇತಿಯಾದವರ ಕೈಯಲ್ಲಿ ನಡೆಯಬೇಕಾದ ಪಂಚಕರ್ಮದ ಚಿಕಿತ್ಸೆಗಳು. ಲಾಡ್ಜಿನ ಮಸಾಜು ಪಂಚಕರ್ಮವಲ್ಲ.

ದೋಷವನ್ನು ತಣಿಸುವ ಶಮನಕ್ಕೆ ದೇಹ ನೋಡಿ ಮದ್ದು. ಮೇದಸ್ಸು ಹೆಚ್ಚಿದವರಿಗೆ ವರುಣಾದಿ ಕಷಾಯ, ವಾತದ ತಡೆಯಿದ್ದವರಿಗೆ ಸುಕುಮಾರ ಕಷಾಯ. ಕಾಶ್ಯಪ ಸಂಹಿತೆ ಶತಪುಷ್ಪಾ ಮತ್ತು ಶತಾವರಿಗಳಿಗೆ ಒಂದು ಕಲ್ಪವನ್ನೇ ಮೀಸಲಿಟ್ಟಿದೆ. ಶತಪುಷ್ಪಾ ಎಂದರೆ ನಮ್ಮ ಸಬ್ಬಸಿಗೆಯ ಬೀಜ. ಮೈಯಲ್ಲಿ ಮಾಂಸವೇ ಇಲ್ಲದ, ಬಡಕಲಾದ ಹುಡುಗಿಗೂ ಈ ಕಾಯಿಲೆ ಬರುತ್ತದೆ. ಅವಳಿಗೆ ಉಪವಾಸ, ಕೊಬ್ಬನ್ನು ಕೆರೆದು ತೆಗೆಯುವ ಲೇಖನ ಚಿಕಿತ್ಸೆ ಹೇಳಿದರೆ ಇನ್ನಷ್ಟು ಸೊರಗುತ್ತಾಳೆ. ಅವಳಿಗೆ ಶತಾವರಿ, ತುಪ್ಪ, ಹೊತ್ತಿಗೆ ಸರಿಯಾದ ಊಟ.

ಇನ್ನು ರಜಃಪ್ರವರ್ತಿನೀ ವಟಿ. ಲೋಳೆಸರದ ಗಟ್ಟಿ ರಸ, ಟಂಕಣ, ಕಾಸೀಸ, ಹಿಂಗು ಸೇರಿದ ಈ ಗುಳಿಗೆಯನ್ನು ಅಂಗಡಿಯಿಂದ ನೇರ ತಂದು ನುಂಗುವವರು ಬಹಳ. ಅದು ರಕ್ತಸ್ರಾವವನ್ನು ಪ್ರಚೋದಿಸಬಹುದು, ಅಂಡ ಬಿಡುಗಡೆಯಾಗಿದೆ ಎಂಬುದಕ್ಕೆ ಸಾಕ್ಷಿಯಾಗದು. ಗರ್ಭಿಣಿ ನುಂಗಿದರೆ ಅನಾಹುತ. ಕಾಂಚನಾರ ಗುಗ್ಗುಲುವಿನ ವಿಷಯವೂ ಹೀಗೆಯೇ. ಶಾರ್ಙ್ಗಧರ ಸಂಹಿತೆ ಅದನ್ನು ಗಂಡಮಾಲೆ, ಗ್ರಂಥಿಗಳಿಗೆ ಹೇಳಿದೆ. ಮೇದಸ್ಸನ್ನು ಕರಗಿಸುವ ದೃಷ್ಟಿಯಿಂದ ಬಳಸಬಹುದು, ‘ಗುಳ್ಳೆ ಕರಗಿಸುತ್ತದೆ’ ಎಂದು ಭರವಸೆ ಕೊಟ್ಟು ಬಳಸಬಾರದು. ಕರಗಿಸಬೇಕಾದ ಗುಳ್ಳೆಯೇ ಅಲ್ಲಿಲ್ಲ.

ಕಷಾಯದ ಒಂದು ವಾಸ್ತವವನ್ನೂ ಹೇಳಬೇಕು. ಶಾಸ್ತ್ರದಂತೆ ಒಂದು ಪಾಲು ಚೂರ್ಣಕ್ಕೆ ಹದಿನಾರು ಪಾಲು ನೀರು ಹಾಕಿ ಎಂಟನೇ ಒಂದಕ್ಕೆ ಇಳಿಸಬೇಕು. ನಸುಕಿಗೇ ಬಂದರಿಗೆ ಹೋಗಿ ಮೀನು ಹಿಡಿದುಕೊಂಡು ಪೇಟೆಗೆ ನಡೆಯುವ ಹೆಂಗಸಿಗೆ ಇದಕ್ಕೆ ಸಮಯವೆಲ್ಲಿದೆ? ಅವಳಿಗೆ ಕಷಾಯದ ಗುಳಿಗೆ ಬರೆಯಬೇಕು, ಇಲ್ಲವಾದರೆ ಮನೆಯಲ್ಲಿ ಇನ್ನೊಬ್ಬರು ಕಾಸಿಕೊಡುವಂತೆ ಗಂಡನನ್ನೇ ಕರೆದು ಹೇಳಬೇಕು. ರಮ್ಜಾನ್ ತಿಂಗಳಲ್ಲಿ ಉಪವಾಸವಿರುವ ಭಟ್ಕಳದ ಹೆಣ್ಣುಮಗಳಿಗೆ ಸಹರಿ ಮತ್ತು ಇಫ್ತಾರಿನ ಹೊತ್ತಿಗೆ ಮದ್ದನ್ನು ಹೊಂದಿಸಿಕೊಡಬೇಕು. ರೋಗಿಯ ದಿನಚರಿಗೆ ಹೊಂದದ ಮದ್ದು ಡಬ್ಬಿಯಲ್ಲೇ ಉಳಿಯುತ್ತದೆ.

4. ಕರಾವಳಿಯ ಅಡುಗೆಮನೆ

ಆರ್ತವ ನಷ್ಟವಾದವಳಿಗೆ ಹಿತವಾದ ಆಹಾರಗಳನ್ನು ಸುಶ್ರುತ ಹೆಸರಿಸುವಾಗ ಮೊದಲು ಬರುವುದು ಮೀನು, ಆಮೇಲೆ ಹುರುಳಿ, ಹುಳಿ ಪದಾರ್ಥ, ಎಳ್ಳು, ಉದ್ದು. ಶರಾವತಿ, ಅಘನಾಶಿನಿಗಳು ಸಮುದ್ರ ಸೇರುವ ನಮ್ಮ ಊರುಗಳಲ್ಲಿ ಇದಕ್ಕಿಂತ ಸುಲಭವಾದ ಪಥ್ಯ ಯಾವುದಿದೆ? ‘ಆಯುರ್ವೇದ ಮದ್ದು ಅಂದ್ರೆ ಮೀನು ಬಿಡಬೇಕಲ್ಲಾ’ ಎಂದು ಹೆದರಿ ಬರುವವರಿಗೆ ಈ ಮಾತು ಹೇಳಿದಾಗ ಅವರ ಮುಖ ಅರಳುವುದನ್ನು ನೋಡಬೇಕು. ಬಂಗುಡೆ, ತಾರ್ಲೆ ಸಾರು ಮಾಡಿ ತಿನ್ನಲಿ. ಎಣ್ಣೆಯಲ್ಲಿ ಕರಿದದ್ದು ದಿನಾ ಬೇಡ. ಮೀನು ತಿನ್ನದ ಮನೆಯಲ್ಲಿ ಹುರುಳಿ ಬೇಯಿಸಿ ಕಟ್ಟು ತೆಗೆದು, ಬೆಳ್ಳುಳ್ಳಿ, ಮೆಣಸು ಹಾಕಿ ಮಾಡಿದ ಸಾರು ಅಷ್ಟೇ ಒಳ್ಳೆಯದು. ಒಂದೆಲಗದ ತಂಬುಳಿ, ಕೊತ್ತಂಬರಿ ಜೀರಿಗೆಯ ಕಷಾಯ ಇರಲಿ, ಸಕ್ಕರೆ ಕಡಿಮೆಯಿರಲಿ.

ಹಾಗೆಂದು ಸುಶ್ರುತನ ಆ ಪಟ್ಟಿಯನ್ನು ಕಣ್ಣು ಮುಚ್ಚಿ ಎಲ್ಲರಿಗೂ ಹಂಚುವಂತಿಲ್ಲ. ಅದರಲ್ಲಿ ಸುರೆಯೂ ಇದೆ, ಮೊಸರೂ ಇದೆ. ದಪ್ಪಗಿರುವ, ಕಫದ ಪ್ರಕೃತಿಯವಳಿಗೆ ಉದ್ದು, ಮೊಸರು ದಿನವೂ ಸಲ್ಲದು. ಗ್ರಂಥ ಪಟ್ಟಿ ಕೊಡುತ್ತದೆ, ಆರಿಸುವ ಹೊಣೆ ವೈದ್ಯನದು.

ಮೀನು, ಹುರುಳಿ ನಮ್ಮಲ್ಲಿ ಇನ್ನೂ ಇವೆ, ಬದಲಾದದ್ದು ಉಳಿದ ಊಟ. ಕುಚ್ಚಲಕ್ಕಿಯ ಗಂಜಿ ಹೋಗಿ ಬೇಕರಿಯ ಪಫ್ಸ್ ಬಂದಿದೆ, ಪೊರೋಟ, ಬಾಟಲಿಯ ತಂಪು ಪಾನೀಯ, ರಾತ್ರಿ ಹನ್ನೊಂದರ ಊಟ ಬಂದಿವೆ. ತೂಕ ಹೆಚ್ಚಿರುವವರು ಅದರ 5ರಿಂದ 10 ಪ್ರತಿಶತ ಇಳಿಸಿದರೂ ಹಲವರಲ್ಲಿ ಮುಟ್ಟಿನ ಕ್ರಮ ಸುಧಾರಿಸುತ್ತದೆ. 70 ಕಿಲೋ ಇದ್ದವಳಿಗೆ ಅದು ಮೂರೂವರೆಯಿಂದ ಏಳು ಕಿಲೋ. ಊಟದ ಜೊತೆ ಶ್ರಮವೂ ಬೇಕು: ಪ್ರಮೇಹದ ಬಡ ರೋಗಿಗೆ ಸುಶ್ರುತ ಹೇಳಿದ ಚಿಕಿತ್ಸೆ ನೂರು ಯೋಜನ ನಡೆಯುವುದು, ಬಾವಿ ತೋಡುವುದು. ಎಸ್-ವ್ಯಾಸದವರು ಪಿಸಿಓಡಿ ಇದ್ದ 15ರಿಂದ 18 ವರ್ಷದ ಹುಡುಗಿಯರಿಗೆ 12 ವಾರ ದಿನಕ್ಕೊಂದು ತಾಸು ಯೋಗ ಕಲಿಸಿ, ಇನ್ನೊಂದು ಗುಂಪಿಗೆ ಸಾಮಾನ್ಯ ವ್ಯಾಯಾಮ ಮಾಡಿಸಿ ಹೋಲಿಸಿದಾಗ, ಗಂಡು ಹಾರ್ಮೋನಿನ ಮಟ್ಟ ಯೋಗದ ಗುಂಪಿನಲ್ಲಿ ಹೆಚ್ಚು ಇಳಿಯಿತು. ಬೀಚಿನ ಬದಿಯಲ್ಲಿ ಬೆಳಿಗ್ಗೆ ಮುಕ್ಕಾಲು ತಾಸು ನಡೆಯಲು ಹುಡುಗಿಯರಿಗೆ ಮನೆಯವರು ಒಪ್ಪಿಗೆ ಕೊಡಬೇಕು. ಇದೂ ಚಿಕಿತ್ಸೆಯ ಭಾಗವೇ.

5. ಬಾಟಲಿಯ ಮೇಲಿನ ಭರವಸೆ

‘ಹೆಂಗಸರ ಟಾನಿಕ್’ ಎಂದು ಮಾರುವ ಅಶೋಕಾರಿಷ್ಟವನ್ನು ಮುಟ್ಟು ಆಗದವಳೂ ಕುಡಿಯುತ್ತಾಳೆ, ಹೆಚ್ಚು ಹೋಗುವವಳೂ ಕುಡಿಯುತ್ತಾಳೆ. ಭೈಷಜ್ಯ ರತ್ನಾವಳಿ ಅದನ್ನು ಹೇಳಿರುವುದು ಮುಖ್ಯವಾಗಿ ಅತಿಸ್ರಾವಕ್ಕೆ. ಆ ಮದ್ದಿನ ಮೂಲವಾದ ಅಶೋಕ ಮರ ಪಶ್ಚಿಮ ಘಟ್ಟದಲ್ಲಿ ಕಡಿಮೆಯಾಗಿ ಅಪಾಯದಂಚಿಗೆ ಬಂದಿದೆ. ಶಾಲೆ ಕಚೇರಿಗಳ ಆವರಣದಲ್ಲಿ ನೆಟ್ಟಗೆ ಬೆಳೆಯುವ, ‘ಅಶೋಕ’ ಎಂದೇ ಕರೆಯುವ ಬೇರೆ ಮರದ ತೊಗಟೆ ಪೇಟೆಯಲ್ಲಿ ಅದರ ಜಾಗದಲ್ಲಿ ಸೇರಿಕೊಳ್ಳುತ್ತದೆ. ನಮ್ಮ ಕಾಡು ಉಳಿಯದೆ ನಮ್ಮ ವೈದ್ಯಪದ್ಧತಿ ಉಳಿಯದು.

ಅಮೆರಿಕದ ಬಾಸ್ಟನ್ನಿನ ಅಂಗಡಿಗಳಲ್ಲಿ ಸಿಕ್ಕ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಮಗು ಬೇಕೆಂದು ಮದ್ದು ಮಾಡುವ ಹೆಣ್ಣಿನ ರಕ್ತದಲ್ಲಿ ಸೀಸ ಸೇರಿದರೆ ಹೊಣೆ ಯಾರದು? ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ, ಪದಾರ್ಥಗಳ ಪಟ್ಟಿ ಇಲ್ಲದ ಪುಡಿಯನ್ನು, ಯಾರೇ ಕೊಡಲಿ, ನುಂಗಬೇಡಿ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಹೆಂಗಸರ ಮುಟ್ಟಿನ ದೋಷವನ್ನು ಸರಿಪಡಿಸುತ್ತದೆ ಎಂದು ಔಷಧಕ್ಕೆ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ 3ನೇ ಕಲಂ ನಿಷೇಧಿಸಿದೆ. ‘21 ದಿನದಲ್ಲಿ ಪಿಸಿಓಡಿ ಮಾಯ’ ಎಂದು ಮೊಬೈಲಿನಲ್ಲಿ ಬರುವ ಜಾಹೀರಾತನ್ನು ನಂಬಬೇಡಿ. ಮುಟ್ಟಿನ ಒಂದೇ ಚಕ್ರ ಕನಿಷ್ಠ ಅಷ್ಟು ದಿನ ಹಿಡಿಯುತ್ತದೆ. ಚಿಕಿತ್ಸೆಯ ಫಲ ತಿಳಿಯಲು ಕನಿಷ್ಠ ಮೂರು, ಹೆಚ್ಚಾಗಿ ಆರು ತಿಂಗಳು ಬೇಕು.

6. ಗಡಿ ಎಲ್ಲಿದೆ

ಆಯುರ್ವೇದವನ್ನು ಪ್ರೀತಿಸುವವರು ಅದರ ಗಡಿಯನ್ನೂ ಹೇಳಬೇಕು. ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ ಗರ್ಭಾಶಯದ ಒಳಪದರ ದಪ್ಪವಾಗುತ್ತ ಹೋಗುತ್ತದೆ. ಇದು ವರ್ಷಗಟ್ಟಲೆ ಮುಂದುವರಿದರೆ ಆ ಪದರದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಮೂರು ತಿಂಗಳು ದಾಟಿಯೂ ಮುಟ್ಟಾಗದವಳನ್ನು ‘ಕಷಾಯ ಮುಂದುವರಿಸಿ, ನೋಡೋಣ’ ಎಂದು ಕೂರಿಸುವಂತಿಲ್ಲ. ಸ್ತ್ರೀರೋಗ ತಜ್ಞರು ಕೊಡುವ ಪ್ರೊಜೆಸ್ಟರಾನ್ ಆ ಪದರವನ್ನು ಕಾಪಾಡುತ್ತದೆ. ಅವರು ಬರೆದ ಮೆಟ್‌ಫಾರ್ಮಿನ್, ಹಾರ್ಮೋನ್ ಗುಳಿಗೆಗಳನ್ನು ಕೇಳದೆ ನಿಲ್ಲಿಸಬೇಡಿ. ಮಕ್ಕಳಿಗಾಗಿ ಕಾದಿರುವವರಿಗೆ ಲೆಟ್ರೋಜೋಲ್ ಇಂದು ಮೊದಲ ಆಯ್ಕೆಯ ಮದ್ದು. ಆಯುರ್ವೇದದ ಶಮನೌಷಧಗಳ ಬಗ್ಗೆ ದೊಡ್ಡ ಪ್ರಮಾಣದ, ಹೋಲಿಕೆಯ ಅಧ್ಯಯನಗಳು ಇನ್ನೂ ಕಡಿಮೆ. ಕೆಲವೇ ತಿಂಗಳಲ್ಲಿ ಮೈಮೇಲೆ ಕೂದಲು ದಟ್ಟವಾಗಿ ಸ್ವರ ಗಡಸಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ರಕ್ತಸ್ರಾವ ನಿಲ್ಲದಿದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಮ್ಮ ಜಿಲ್ಲೆಯವರಿಗೆ ಅದೆಂದರೆ ಹೆಚ್ಚಾಗಿ ಮಣಿಪಾಲ, ಮಂಗಳೂರು ಅಥವಾ ಗೋವಾದ ಪ್ರಯಾಣ. ಅದರ ಖರ್ಚು ನನಗೂ ಗೊತ್ತಿದೆ. ತಡಮಾಡಿದರೆ ತೆರಬೇಕಾದ ಬೆಲೆ ಅದಕ್ಕಿಂತ ದೊಡ್ಡದು.

ಮದುವೆಯ ಮಾತನ್ನೂ ಆಡಬೇಕು. ಹುಡುಗಿಗೆ ಪಿಸಿಓಡಿ ಇದೆ ಎಂದು ಸಂಬಂಧ ಮುರಿಯುವುದನ್ನು ನೋಡಿದ್ದೇನೆ. ‘ಮದುವೆ ಮಾಡಿದ್ರೆ ಸರಿಹೋಗ್ತದೆ’ ಎಂದು ಓದು ಬಿಡಿಸಿ ಮದುವೆ ಮಾಡುವುದನ್ನೂ ನೋಡಿದ್ದೇನೆ. ಎರಡೂ ತಪ್ಪು. ಈ ತೊಂದರೆಯಿರುವ ಹೆಚ್ಚಿನ ಹೆಂಗಸರು ಸಕಾಲದ ಚಿಕಿತ್ಸೆಯಿಂದ ತಾಯಂದಿರಾಗುತ್ತಾರೆ. ತಾಯಿಯಾಗುವುದು ಒಂದೇ ಅವರ ಆರೋಗ್ಯದ ಅಳತೆಗೋಲೂ ಅಲ್ಲ. ಖಿನ್ನತೆ ಈ ಕಾಯಿಲೆಯ ಜೊತೆಗೇ ಹೆಚ್ಚಾಗಿ ಕಾಣಿಸುತ್ತದೆ. ಮುಖದ ಕೂದಲಿನ ಬಗ್ಗೆ, ತೂಕದ ಬಗ್ಗೆ ಮನೆಯಲ್ಲಿ ಆಡುವ ಒಂದೊಂದು ಮಾತೂ ಅದನ್ನು ಬೆಳೆಸುತ್ತದೆ.

ಕೊನೆಗೆ ಮೂರು ವಿನಂತಿ. ತಾಯಂದಿರೇ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವಂತೆ ಮಗಳು ತನ್ನ ಮುಟ್ಟಿನ ದಿನವನ್ನೂ ಗುರುತು ಹಾಕಲಿ, ವೈದ್ಯರಿಗೆ ಅದಕ್ಕಿಂತ ದೊಡ್ಡ ದಾಖಲೆ ಬೇಕಿಲ್ಲ. ಶಿಕ್ಷಕಿಯರೇ, ಸರಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳು ಹದಿಹರೆಯದವರಿಗೆಂದೇ ಇವೆ, ಹುಡುಗಿಯರಿಗೆ ಅವುಗಳ ದಾರಿ ತೋರಿಸಿ. ಆಯುರ್ವೇದದ ನನ್ನ ಸಹೋದ್ಯೋಗಿಗಳೇ, ಘಟ್ಟದ ಮೇಲೆ ಸಿದ್ದಾಪುರದ ಧನ್ವಂತರಿ ಕಾಲೇಜಿದೆ, ದಕ್ಷಿಣಕ್ಕೆ 1958ರಿಂದ ನಡೆಯುತ್ತಿರುವ ಉಡುಪಿಯ ಆಯುರ್ವೇದ ಕಾಲೇಜಿದೆ. ನಾವು ಕೊಟ್ಟ ಮದ್ದು, ಬದಲಾದ ತೂಕ, ಸಕ್ಕರೆ, ಮುಟ್ಟಿನ ದಿನಗಳು, ಸೋತ ಚಿಕಿತ್ಸೆಗಳು, ಎಲ್ಲವನ್ನೂ ರೋಗಿಯ ಹೆಸರು ಮರೆಮಾಡಿ ಬರೆದಿಟ್ಟು ಆ ಕಾಲೇಜುಗಳ ಜೊತೆ ಹಂಚಿಕೊಳ್ಳೋಣ. ಈ ಮೂರು ತಾಲೂಕುಗಳ ಹೆಣ್ಣುಮಕ್ಕಳಿಗೆ ನಾವು ಕೊಡಬೇಕಾದದ್ದು ನಂಬಿಕೆಯ ಜೊತೆಗೆ ಪುರಾವೆ. ಆ ಕೆಲಸವನ್ನು ಈ ವರ್ಷವೇ ಆರಂಭಿಸೋಣ.